ಹೋಗಿ ಬರುವ ಟಿಕೆಟ್

ರಾಯಚೂರು
ಆಗಸ್ಟ್ 4, 2025

ವಿಜಯಕ್ಕಾ,

ಮೊದಲು ಕುಳಿತುಕೋ. ಕುಳಿತೆಯಾ? ನಾವು ನಿನ್ನ ಹತ್ತಿರ ಬರುತ್ತಿದ್ದೇವೆ! ನಾನು, ಮಲ್ಲೇಶ, ಇಬ್ಬರೂ! ತಾಂಜಾನಿಯಾಕ್ಕೆ!

ನೀನು ಫೋನ್ ಎತ್ತುವುದಿಲ್ಲ. ವಿಡಿಯೋ ಹಚ್ಚಿದರೆ ನೆಟ್ ಇಲ್ಲ ಎಂದು ಮುಖ ಕಾಣುವ ಮೊದಲೇ ಕಟ್ ಮಾಡುತ್ತೀಯ. ಅದಕ್ಕೇ ಈ ಉದ್ದನೆಯ ಇಮೇಲ್. ಆಷಾಢವೆಲ್ಲ ದೇವದುರ್ಗದಲ್ಲಿ ಅವ್ವನ ಹತ್ತಿರ ಕಳೆದು ಮೊನ್ನೆ ರಾಯಚೂರಿಗೆ ಬಂದೆ. ಒಂದು ತಿಂಗಳು ಗಂಡನನ್ನು ಬಿಟ್ಟಿದ್ದೆನಲ್ಲ, ಬಂದ ದಿನ ಮಲ್ಲೇಶ ನನಗಾಗಿ ಬಸ್ ಸ್ಟ್ಯಾಂಡಿಗೆ ಎರಡು ಸಲ ಬಂದು ಹೋಗಿದ್ದರಂತೆ. ಬಸ್ಸು ಗಬ್ಬೂರು ದಾಟಿದಾಗಿನಿಂದ ನಾನೂ ಕಿಟಕಿಯಲ್ಲೇ ಇದ್ದೆ. (ಇಲ್ಲಿ ಮಾತ್ರ ಅವರ ಹೆಸರು ಬರೆಯುತ್ತೇನೆ. ಮನೆಯಲ್ಲಿ ಬರೀ 'ಏನ್ರೀ'!)

ಈಗ ಸುದ್ದಿ ಕೇಳು. ಮಾನ್ವಿಯಲ್ಲಿರುವ ನಮ್ಮ ಅಕ್ಕಿ ಮಿಲ್ಲಿಗೆ ಕಪ್ಪು ಕಾಳು ಬೇರೆ ಮಾಡುವ ಹೊಸ ಮಷೀನು ಬೇಕು. ಅದನ್ನು ನೋಡಲು ಮಲ್ಲೇಶ ಅಕ್ಟೋಬರ್ ಮೊದಲ ವಾರ ಜರ್ಮನಿಗೆ ಹೋಗಬೇಕು. ನನ್ನನ್ನೂ ಕರೆದುಕೊಂಡು ಹೋಗುತ್ತಾರೆ. ಅದೇ ನಮ್ಮ ಹನಿಮೂನ್! ನಾನು ತಕ್ಷಣ ಹೇಳಿದೆ, ಜರ್ಮನಿಗೆ ಹೋಗುವ ದಾರಿಯಲ್ಲೇ ಆಫ್ರಿಕಾ ಇದೆ ಎಂದು. ಅವರು ಮೊಬೈಲಿನಲ್ಲಿ ನಕ್ಷೆ ತೆಗೆದು ದಿಟ್ಟಿಸಿ ನೋಡಿದರು. "ಇದ್ಯಾವ ದಾರಿಲೇ? ದೇವದುರ್ಗಕ್ಕ ಹೊಂಟಾವ್ರು ಮಂತ್ರಾಲಯದ ಮ್ಯಾಲ ಹಾದು ಹೋದಂಗ ಆತು." ಆದರೂ ಒಪ್ಪಿದರು. ಹೈದರಾಬಾದಿನಿಂದ ದಾರ್ ಎಸ್ ಸಲಾಮ್, ಅಲ್ಲಿಂದ ಮ್ವಾಂಜಾ, ನೀನು. ಆಮೇಲೆ ಫ್ರಾಂಕ್‌ಫರ್ಟ್, ಆಮೇಲೆ ಮನೆ. ಮೂರು ಖಂಡ ಅಕ್ಕಾ!

ಟಿಕೆಟ್ ಅಗ್ಗಕ್ಕೆ ಸಿಗಬೇಕು, ಅಷ್ಟೇ. ತೀನ್ ಕಂದಿಲ್ ಹತ್ತಿರ ದಸ್ತಗೀರ್ ಸಾಬರ ಟಿಕೆಟ್ ಅಂಗಡಿ ಇದೆ. ಈಗ ಅವರ ಮಗಳು ಲತೀಫಾ ಆಪಾ ನೋಡಿಕೊಳ್ಳುತ್ತಾರೆ. ಅವರು ಹೇಳಿದ ಒಂದು ವಿಚಿತ್ರ ಕೇಳು. ಹೋಗುವುದಕ್ಕೆ ಮಾತ್ರ ಟಿಕೆಟ್ ತೆಗೆದರೆ ಎಷ್ಟೋ ಸಲ ದುಬಾರಿ, ಹೋಗಿ ಬರುವುದಕ್ಕೆ ತೆಗೆದರೆ ಅಗ್ಗ! ಇದು ಯಾವ ಲೆಕ್ಕ ಎಂದು ಕೇಳಿದರೆ ನಕ್ಕರು. "ನಿಮ್ಮ ಮನ್ಯಾಗ 'ಹೋಗ್ತೀನಿ' ಅಂದ್ರ ಬೈತಾರಿಲ್ಲ? 'ಹೋಗಿ ಬರ್ತೀನಿ' ಅನ್ನಬೇಕು. ಇಮಾನದವ್ರೂ ಹಂಗ ನೋಡವ್ವಾ."

ದುಬಾರಿ ಟಿಕೆಟ್ಟಿನಿಂದಾಗಿ ನಿನಗೂ ಭಾವನಿಗೂ ನನ್ನ ಮದುವೆಗೆ ಬರಲಾಗಲಿಲ್ಲ. ಹಸೆಯ ಮೇಲೆ ಕುಳಿತಾಗಲೂ ಬಾಗಿಲ ಕಡೆ ನೋಡುತ್ತಿದ್ದೆ, ಅಕ್ಕ ಸರ್‌ಪ್ರೈಸ್ ಕೊಡುತ್ತಾಳೆ ಎಂದು. ಇರಲಿ. ನೀವು ಬರದಿದ್ದರೆ ನಾವೇ ಬರುತ್ತೇವೆ. ಭಾವನಿಗೆ ಏನು ತರಲಿ? ಗುರೆಳ್ಳು ಚಟ್ನಿ ಈಗಲೂ ಡಬ್ಬಿಗಟ್ಟಲೆ ತಿನ್ನುತ್ತಾರಾ?

ನಿನ್ನ ಹುಚ್ಚಿ,
ಅನು


ಮ್ವಾಂಜಾ
ಆಗಸ್ಟ್ 9, 2025

ಪ್ರೀತಿಯ ಅನು,

ನಿನ್ನ ಪತ್ರ ಮೂರು ಸಲ ಓದಿದೆ. ನೀನು ಸುಖವಾಗಿದ್ದೀಯ ಎನ್ನುವುದು ಪ್ರತಿ ಸಾಲಿನಲ್ಲೂ ಕಾಣುತ್ತದೆ. ನನಗೆ ಅಷ್ಟು ಸಾಕು.

ಆದರೆ ಇಲ್ಲಿಗೆ ಬರುವುದು ಬಹಳ ಖರ್ಚಿನ ಕೆಲಸ. ಬೆಲೆ ಕೇಳಿ ನಾವೇ ಎಷ್ಟು ಸಲ ಸುಮ್ಮನಾಗಿದ್ದೇವೆ. ಮಲ್ಲೇಶ ಅವರು ವ್ಯವಹಾರಸ್ಥರು, ಮದುವೆಯಾದ ಮೂರು ತಿಂಗಳಿಗೆ ನಮ್ಮ ಕಡೆಯಿಂದ ಇಂಥ ಹೊರೆ ಬೇಡ. ಜರ್ಮನಿಗೆ ನೇರವಾಗಿ ಹೋಗಿ ಬನ್ನಿ, ಹಾಯಾಗಿ ತಿರುಗಾಡಿ.

ಈಗ ಇಲ್ಲಿ ಹತ್ತಿಯ ಹಂಗಾಮು. ಜಿನ್ನಿಂಗ್ ಮಿಲ್ಲು ಹಗಲು ರಾತ್ರಿ ನಡೆಯುತ್ತದೆ. ಭಾವನಿಗೆ ಮನೆಗೆ ಬರಲೂ ಪುರುಸೊತ್ತಿಲ್ಲ.

ಅವ್ವನ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಾಳಾ, ಇಲ್ಲ ಹಚ್ಚಿಕೊಂಡೆ ಎಂದು ಸುಳ್ಳು ಹೇಳುತ್ತಾಳಾ?

ವಿಜಯಕ್ಕ


ರಾಯಚೂರು
ಆಗಸ್ಟ್ 13, 2025

ವಿಜಯಕ್ಕಾ,

ಅಕ್ಕ ಎಂದರೆ ಅಕ್ಕ! ನನ್ನ ಗಂಡನ ಖಿಸೆಯ ಚಿಂತೆಯೂ ನಿನಗೇ. ಅದನ್ನು ಬಿಡು. ಅಗ್ಗದ ಟಿಕೆಟ್ ಹುಡುಕದಿದ್ದರೆ ನಾನು ಅನುರಾಧಾನೇ ಅಲ್ಲ.

ಮೊದಲು ನಾನು ಒಂದು ಮೊಬೈಲಿನಲ್ಲಿ, ಮಲ್ಲೇಶ ಇನ್ನೊಂದರಲ್ಲಿ ಹುಡುಕಿದೆವು. ನನ್ನದರಲ್ಲಿ ಕಡಿಮೆ ತೋರಿಸಿದರೆ ಅವರದರಲ್ಲಿ ಹೆಚ್ಚು. "ನೀ ಪದೇ ಪದೇ ಒತ್ತತೀ, ಅದಕ್ಕ ಏರಾಕತ್ತದ. ಗಂಜ್ ಮಾರ್ಕೆಟ್ಟಿನ್ಯಾಗೂ ಹಿಂಗ, ಗಿರಾಕಿಗೆ ಆಸೆ ಅದ ಅಂತ ಗೊತ್ತಾದ್ರ ರೇಟ್ ಏರಸ್ತಾರ. ಬ್ಯಾಡಾದಂಗ ನೋಡು" ಎಂದು ನನ್ನ ಮೇಲೆ ಹರಿಹಾಯ್ದರು. ಬೇಡಾದ ಹಾಗೆ ನೋಡುವುದು ಹೇಗೆ? ನಾನು ಆಕಳಿಸುತ್ತಾ ಒತ್ತಿದೆ. ಆಗಲೂ ಏರಿತು! ಅತ್ತೆ ಬಿದ್ದು ಬಿದ್ದು ನಕ್ಕರು.

ಕೊನೆಗೆ ಲತೀಫಾ ಆಪಾನೇ ದಾರಿ ತೋರಿಸಿದರು. ಹೈದರಾಬಾದಿನ ಏಜೆಂಟರೊಬ್ಬರು ಆಫ್ರಿಕಾ ಪ್ರವಾಸದ ಗುಂಪಿಗೆಂದು ಮೊದಲೇ ಸೀಟು ಹಿಡಿದಿಟ್ಟಿದ್ದರಂತೆ. ಸೆಪ್ಟೆಂಬರ್ ಇಪ್ಪತ್ತೊಂದು. ಆಮೇಲೆ ಪಂಚಾಂಗ ನೋಡಿದರೆ ಅಂದು ಮಾನವಮಿ ಅಮಾವಾಸ್ಯೆ! ಪಿತೃಪಕ್ಷದ ಕೊನೆಯ ದಿನ ಯಾರು ವಿಮಾನ ಹತ್ತುತ್ತಾರೆ? ಒಂದು ಸೀಟೂ ಹೋಗಿಲ್ಲ. ಈಗ ಬಂದ ಬೆಲೆಗೆ ಕೊಡುತ್ತಿದ್ದಾರೆ. ಲತೀಫಾ ಆಪಾ ಹೇಳಿದ್ದು ಒಂದೇ ಮಾತು: "ಅಮಾಸಿ ನಿಮಗ ಭಾರೀ, ಟಿಕೆಟ್ಟಿಗೆ ಸಸ್ತಾ."

ಬೆಲೆ ಕೇಳಿದರೆ ನೀನು ನಂಬುವುದಿಲ್ಲ. ನಮ್ಮ ಮದುವೆಯಲ್ಲಿ ಬ್ಯಾಂಡಿನವರಿಗೆ ಕೊಟ್ಟದ್ದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ! ಈಗ ಹೇಳು, ಇನ್ನೇನು ನೆಪ?

ಅನು


ಮ್ವಾಂಜಾ
ಆಗಸ್ಟ್ 18, 2025

ಅನು,

ಅಮಾವಾಸ್ಯೆಯ ದಿನ ಬೇಡ. ಹೊಸ ಮದುಮಗಳು ಆ ದಿನ ಹೊಸ್ತಿಲು ದಾಟಿದ್ದು ಗೊತ್ತಾದರೆ ಅವ್ವ ವಾರಗಟ್ಟಲೆ ಊಟ ಬಿಡುತ್ತಾಳೆ. ನಿಮ್ಮ ಅತ್ತೆಯವರೂ ಏನೆಂದುಕೊಳ್ಳುತ್ತಾರೋ.

ಮತ್ತೆ, ನಮ್ಮ ಮನೆ ಚಿಕ್ಕದು. ಅಳಿಯಂದಿರನ್ನು ಇಳಿಸಿಕೊಳ್ಳುವ ಹಾಗಿಲ್ಲ. ಬರಲೇಬೇಕೆಂದರೆ ದಾರ್ ಎಸ್ ಸಲಾಮ್‌ನಲ್ಲೇ ಇಳಿದುಕೊಳ್ಳಿ, ನಾನು ಬಸ್ಸಿನಲ್ಲಿ ಅಲ್ಲಿಗೆ ಬಂದು ಒಂದು ದಿನ ನಿನ್ನನ್ನು ನೋಡಿಕೊಂಡು ಹೋಗುತ್ತೇನೆ. ಮ್ವಾಂಜಾದಲ್ಲಿ ನೋಡುವಂಥದ್ದೇನೂ ಇಲ್ಲ.

ವಿಜಯಕ್ಕ


ರಾಯಚೂರು
ಆಗಸ್ಟ್ 24, 2025

ಅಕ್ಕಾ ಅಕ್ಕಾ ಅಕ್ಕಾ,

ಆಯಿತು! ಟಿಕೆಟ್ ತೆಗೆಸಿಬಿಟ್ಟೆವು! ಅಮಾವಾಸ್ಯೆಯದೇ!

ಅತ್ತೆಯನ್ನು ಹೇಗೆ ಕೇಳುವುದೆಂದು ಎರಡು ದಿನ ಹೆದರಿ ಸತ್ತೆ. ಗುರುಶಾಂತಮ್ಮ ಎಂದರೆ ನಮ್ಮ ಓಣಿಯೇ ಹೆದರುತ್ತದೆ. ಮಾವ ತೀರಿಕೊಂಡ ಮೇಲೆ ಮಿಲ್ಲನ್ನೂ ಮಗನನ್ನೂ ಒಬ್ಬರೇ ಎಳೆದವರು. ಅವರು ಮೆಂತ್ಯ ಸೋಸುತ್ತಿದ್ದರು, ತಲೆ ಎತ್ತಲಿಲ್ಲ. "ಅಕ್ಕನ್ನ ನೋಡಾಕ ಹೊಂಟಿ ಹೌದಿಲ್ಲ? ಇಮಾನದಾಗ ಚಂದಪ್ಪ ಇದ್ರೇನು ಬಿಟ್ರೇನು, ಲೈಟ್ ಹಾಕಿರ್ತಾರ." ಆಮೇಲೆ ಮೆಲ್ಲಗೆ, "ಆ ಹೊಸ ಜೀನ್ಸ್ ಪ್ಯಾಂಟು ಅಕ್ಕಿ ಡಬ್ಬಿ ಹಿಂದ ಯಾಕ ಮುಚ್ಚಿಟ್ಟೀ? ಹೆಗ್ಗಣ ಕಡಿತಾವ" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು!

ದಾರ್‌ನಲ್ಲಿ ಇಳಿದುಕೊಳ್ಳುವ ಮಾತು ಬೇಡ. ನಿನ್ನ ಮನೆಯ ನೆಲದ ಮೇಲೆ ಚಾಪೆ ಹಾಸಿದರೆ ಸಾಕು. ಯಾಕೆಂದರೆ ನಾನು ಬರುತ್ತಿರುವುದೇ ಉಡಿ ತುಂಬಿಸಿಕೊಳ್ಳಲು. ಮದುವೆಯಲ್ಲಿ ಎಲ್ಲರೂ ನನ್ನ ಉಡಿ ತುಂಬಿದರು, ಗಬ್ಬೂರಿನ ಸಣ್ಣವ್ವ, ಮಟಮಾರಿಯ ಅತ್ತೆಯಂದಿರು. ನನ್ನ ಸ್ವಂತ ಅಕ್ಕ ತುಂಬಿಲ್ಲ. ಹಾಗಾಗಿ ನಮ್ಮದೇ ಮಿಲ್ಲಿನ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನಬೇರು, ಖಣ, ಎಲ್ಲ ತರುತ್ತೇನೆ. ನೀನು ನನ್ನ ಸೆರಗಿಗೆ ಹಾಕಿದರೆ ಆಯಿತು.

ಭಾವನಿಗೆ ಮದುವೆಯ ಆಯೇರಿ ಕೊಡಬೇಕಲ್ಲ, ಅಂಗಿ ಹೊಲಿಸುತ್ತಿದ್ದೇನೆ. ದೇವದುರ್ಗದ ಟೇಲರ್ ಮೌನಪ್ಪ ಹಳೆಯ ಅಳತೆ ಇದೆ ಎನ್ನುತ್ತಾನೆ. "ಆದ್ರ ಪಂಪಾಪತಿ ಸಾವಕಾರ್ರಿಗೆ ಹೊಟ್ಟಿ ಬಂದಿರತದ್ರೀ, ಕೇಳಿ ಹೇಳ್ರಿ" ಎಂದ. ಹೊಟ್ಟೆ ಬಂದಿದೆಯಾ? ನಿಜ ಹೇಳು!

ವೀಸಾ ಅರ್ಜಿಗೆ ನಿಮ್ಮ ಮನೆಯ ಪೂರ್ತಿ ವಿಳಾಸವೂ ಬೇಕು. ಬೇಗ ಕಳಿಸು.

ಅನು


ರಾಯಚೂರು
ಸೆಪ್ಟೆಂಬರ್ 1, 2025

ಅಕ್ಕಾ,

ವಾರವಾಯಿತು. ವಿಳಾಸ ಇಲ್ಲ, ಅಂಗಿಯ ಅಳತೆ ಇಲ್ಲ, ಒಂದು ಸಾಲೂ ಇಲ್ಲ. ಹುಷಾರಿದ್ದೀಯಾ? ಹಳದಿ ಜ್ವರದ ಇಂಜೆಕ್ಷನ್ ಹೈದರಾಬಾದಿಗೆ ಹೋಗಿ ಹಾಕಿಸಿಕೊಂಡು ಬಂದೆವು, ತೋಳು ಊದಿದೆ. ವೀಸಾ ಅರ್ಜಿಯಲ್ಲಿ ವಿಳಾಸದ ಜಾಗ ಮಾತ್ರ ಖಾಲಿ.

ಅನು


ಮ್ವಾಂಜಾ
ಸೆಪ್ಟೆಂಬರ್ 3, 2025

ಅನು,

ವಿಳಾಸವನ್ನು ಕೆಳಗೆ ಬರೆದಿದ್ದೇನೆ. ನೀಮಾ ಎಂಬುವರ ಮನೆ. ಅರ್ಜಿಯಲ್ಲಿ ಅವರ ಹೆಸರು ಹಾಕು, ನಮ್ಮದು ಬೇಡ.

ಅಂಗಿ ಹೊಲಿಸಬೇಡ. ಆಯೇರಿ ತರಬೇಡ.

ನಿನ್ನ ಉಡಿ ನಾನು ತುಂಬುವುದಿಲ್ಲ. ಗಬ್ಬೂರಿನ ಸಣ್ಣವ್ವ ತುಂಬಿದ್ದಾಳಲ್ಲ, ಅದು ಸಾಕು. ಈ ವಿಷಯ ಮತ್ತೆ ಕೇಳಬೇಡ.

ವಿಜಯಲಕ್ಷ್ಮಿ


ರಾಯಚೂರು
ಸೆಪ್ಟೆಂಬರ್ 4, 2025

ಕೇಳುವುದಿಲ್ಲ, ಬಿಡು.

ಕೊನೆಯಲ್ಲಿ 'ವಿಜಯಕ್ಕ' ಎಂದು ಬರೆಯಲೂ ನಿನಗೆ ಮನಸ್ಸಾಗಲಿಲ್ಲ. ನಾನೇನು ತಪ್ಪು ಮಾಡಿದೆ? ಮಿಲ್ಲಿನ ಮನೆಗೆ ಸೊಸೆಯಾಗಿ ಬಂದೆ ಎಂದೇ? ಅಗ್ಗದ ಟಿಕೆಟ್ ಹುಡುಕಿ ಹುಡುಕಿ ಕುಣಿದೆ. ನಿನಗೆ ನಾನು ಬರುವುದೇ ಬೇಡವಾಗಿತ್ತು. ಮೊದಲು ದುಡ್ಡು ಎಂದೆ, ಆಮೇಲೆ ಹಂಗಾಮು ಎಂದೆ, ಅಮಾವಾಸ್ಯೆ ಎಂದೆ, ಮನೆ ಚಿಕ್ಕದು ಎಂದೆ. ನೇರವಾಗಿ 'ಬರಬೇಡ' ಎಂದಿದ್ದರೆ ಸಾಕಿತ್ತು.

ಹಸೆಯ ಮೇಲೆ ಕುಳಿತು ಬಾಗಿಲು ನೋಡುತ್ತಿದ್ದೆನಲ್ಲ, ಅದು ನೆನಪಾಗಿ ನಾಚಿಕೆಯಾಗುತ್ತಿದೆ. ನಾಳೆ ಲತೀಫಾ ಆಪಾ ಹತ್ತಿರ ಹೋಗಿ ಟಿಕೆಟ್ ರದ್ದು ಮಾಡಿಸುತ್ತೇನೆ.

ಅನುರಾಧಾ


ರಾಯಚೂರು
ಸೆಪ್ಟೆಂಬರ್ 6, 2025

ವಿಜಯಕ್ಕಾ,

ಟಿಕೆಟ್ ರದ್ದು ಮಾಡಿಸಿಲ್ಲ. ಮೊನ್ನೆಯ ಪತ್ರ ಅಳಿಸಿಬಿಡು.

ನಿನ್ನೆ ಅಡಿಗೆ ಮನೆಯಲ್ಲಿ ಅಳುತ್ತಾ ಕುಳಿತಿದ್ದೆ. ಅತ್ತೆ ಬಂದು ಏನಾಯಿತೆಂದು ಕೇಳಿದರು. ನಮ್ಮ ಅಕ್ಕ ನನ್ನ ಉಡಿ ತುಂಬಲು ಒಲ್ಲೆ ಎಂದಿದ್ದಾಳೆ, ಸಿಟ್ಟಾಗಿದ್ದಾಳೆ ಎಂದೆ. ಅವರು ನನ್ನ ಪಕ್ಕ ಕುಳಿತು ಕೇಳಿದರು:

"ಅನೂ, ನಿನ್ನ ಮದಿವ್ಯಾಗ ಉಡಿ ತುಂಬೋವಾಗ ನಾ ಎಲ್ಲಿದ್ದೆ, ನೋಡಿದ್ಯೇನು?"

ನನಗೆ ನೆನಪಿರಲಿಲ್ಲ ಅಕ್ಕಾ. ಬ್ಯಾಂಡಿನವರು ಎಲ್ಲಿ ನಿಂತಿದ್ದರು ಎನ್ನುವುದು ನೆನಪಿದೆ. ಅತ್ತೆ ನೆನಪಿಲ್ಲ.

"ಅಡಗಿಯವರ ಸಂಗಾಟ ನಿಂತಿದ್ದೆ. ಗಂಡ ಇಲ್ಲದಾಕಿ ನಾನು. ನನ್ನ ಮಗನ ಹೇಣ್ತಿಗೆ ಉಡಿ ತುಂಬಾಕ ಊರ ಮಂದೀನ ಕರದ್ರು, ನನ್ನ ಕರೀಲಿಲ್ಲ. ನಾನೂ ಕೇಳಲಿಲ್ಲ. ಯಾರರ ಬ್ಯಾಡ ಅನ್ನೋಕಿಂತ ಮೊದಲ ನಾವ ಹಿಂದಕ್ಕ ಸರೀತೀವಿ. ಉಡಿ ತುಂಬಾಕ ಒಲ್ಲೆ ಅನ್ನಾಕಿ ಸಿಟ್ಟಾಗಿರಂಗಿಲ್ಲವ್ವಾ. ಅಂಜಿರ್ತಾಳ."

ಇಷ್ಟು ಹೇಳಿ ಎದ್ದು ಅಕ್ಕಿಯ ಡಬ್ಬಿ ತೆಗೆದರು. "ಸೆರಗು ಹಿಡಿ" ಎಂದರು. ನಾನು ಚೂಡಿದಾರಿನಲ್ಲಿದ್ದೆ, ದುಪಟ್ಟಾ ಒಡ್ಡಿದೆ. ಐದು ಬೊಗಸೆ ಅಕ್ಕಿ ಹಾಕಿದರು. ಅರ್ಧ ನೆಲಕ್ಕೆ ಬಿತ್ತು. ಮಿಲ್ಲಿನಿಂದ ಬಂದ ಮಲ್ಲೇಶ ಬಾಗಿಲಲ್ಲೇ ನಿಂತು ನೋಡಿ, ಒಳಗೆ ಬರದೆ, ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೊರಗೆ ಹೋದರು.

"ನಾ ತುಂಬೀನಿ. ಇನ್ನ ಆಕಿ ತುಂಬಲಿ. ಹಂಗಂತ ಬರಿ ನಿಮ್ಮಕ್ಕಗ" ಎಂದರು ಅತ್ತೆ. ಬರೆದಿದ್ದೇನೆ.

ಒಂದೇ ಪ್ರಶ್ನೆ ಅಕ್ಕಾ. ಭಾವ ಎಲ್ಲಿದ್ದಾರೆ?

ಅನು


ಮ್ವಾಂಜಾ
ಸೆಪ್ಟೆಂಬರ್ 10, 2025

ಅನು,

ಜಾಂಬಿಯಾದಲ್ಲಿದ್ದಾರೆ. ಹುಷಾರಾಗಿದ್ದಾರೆ.

ನಿನ್ನ ಮದುವೆ ನಿಶ್ಚಯವಾಗುವ ಮೊದಲೇ, ಹಿಂದಿನ ವರ್ಷದ ಹಂಗಾಮು ಮುಗಿದಾಗ, ಅಲ್ಲಿಯ ಒಂದು ಮಿಲ್ಲಿನಲ್ಲಿ ಒಳ್ಳೆಯ ಕೆಲಸವಿದೆ ಎಂದು ಹೊರಟರು. ಬಾಗಿಲಲ್ಲಿ ನಿಂತು 'ಹೋಗ್ತೀನಿ' ಎಂದರು. ಅವಸರದಲ್ಲಿ ಹಾಗೆ ಅಂದಿದ್ದಾರೆ ಎಂದುಕೊಂಡು ನಾನೇ 'ಹೋಗಿ ಬರ್ರಿ' ಎಂದೆ. ಮುಂದೆ ಅಲ್ಲಿಯೇ ಇನ್ನೊಂದು ಸಂಸಾರ ಆಯಿತು. ಅದನ್ನು ಅವರೇ ಫೋನ್ ಮಾಡಿ ಹೇಳಿದರು, ಅತ್ತರು ಕೂಡ. ಇಲ್ಲಿಯ ಮಿಲ್ಲಿನವರು ಕೊಟ್ಟಿದ್ದ ಮನೆಯನ್ನು ನಾನು ಬಿಡಬೇಕಾಯಿತು.

ಅದೇ ಹೊತ್ತಿಗೆ ಅವ್ವ ಫೋನ್ ಮಾಡಿ ಅನುಗೆ ರಾಯಚೂರಿನ ದೊಡ್ಡ ಮನೆಯ ಸಂಬಂಧ ಬಂದಿದೆ ಎಂದಳು. ಅವಳ ದನಿ ನೀನು ಕೇಳಬೇಕಿತ್ತು. ಅಕ್ಕನನ್ನು ಗಂಡ ಬಿಟ್ಟಿದ್ದಾನೆ ಎಂದು ಗೊತ್ತಾದರೆ ಆ ಮನೆಯವರು ಏನು ಕೇಳುತ್ತಾರೆ ಎಂದು ನನಗೆ ಗೊತ್ತು. ಮದುವೆ ಮುಗಿಯಲಿ ಎಂದುಕೊಂಡೆ. ಮದುವೆಗೆ ಒಬ್ಬಳೇ ಬಂದಿದ್ದರೆ ಎಲ್ಲರೂ 'ಪಂಪಾಪತಿ ಎಲ್ಲಿ' ಎನ್ನುತ್ತಿದ್ದರು. ಅದಕ್ಕೇ ಟಿಕೆಟ್ ದುಬಾರಿ ಎಂದೆ. ಆಗಲೂ ಟಿಕೆಟ್ ಅಷ್ಟೇನು ದುಬಾರಿ ಇರಲಿಲ್ಲ ಅನು. ನೀನು ಒಂದೊಂದು ಸಲ ಬೆಲೆ ಇಳಿಯಿತೆಂದು ಕುಣಿದು ಬರೆದಾಗಲೂ ನನ್ನ ಹತ್ತಿರ ಉಳಿದಿದ್ದ ಒಂದೊಂದು ಸುಳ್ಳು ಖರ್ಚಾಗುತ್ತಿತ್ತು.

ಈಗ ನೀಮಾಳ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಇಲ್ಲಿಯೂ ಬಿಳಿ ಜೋಳ ಬೆಳೆಯುತ್ತಾರೆ. ಇಬ್ಬರೂ ಸೇರಿ ರೊಟ್ಟಿ, ಚಪಾತಿ, ಪಲ್ಯ ಮಾಡಿ ಮಿಲ್ಲುಗಳಲ್ಲಿರುವ ನಮ್ಮ ಕಡೆಯವರಿಗೆ, ಗುಜರಾತಿನವರಿಗೆ ಕಳಿಸುತ್ತೇವೆ. ನೀಮಾ ರೊಟ್ಟಿ ಬಡಿಯಲು ಕಲಿತಿದ್ದಾಳೆ. ಅವಳ ರೊಟ್ಟಿ ತಾಂಜಾನಿಯಾದ ನಕ್ಷೆಯ ಹಾಗಿರುತ್ತದೆ, ಆದರೆ ಉಬ್ಬುತ್ತದೆ.

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವರ ಮಾತು ಓದುತ್ತಿದ್ದಾಗ ಒಲೆಯ ಮೇಲಿನ ರೊಟ್ಟಿ ಸುಟ್ಟಿತು ಎಂದು ಹೇಳು.

ಅವ್ವನಿಗೆ ಏನೂ ಹೇಳಬೇಡ.

ವಿಜಯಕ್ಕ


ರಾಯಚೂರು
ಸೆಪ್ಟೆಂಬರ್ 13, 2025

ವಿಜಯಕ್ಕಾ,

ಹೇಳಲಿಲ್ಲ. ಅತ್ತೆಗೆ, ಮಲ್ಲೇಶನಿಗೆ ಮಾತ್ರ ಗೊತ್ತು. ನಾನು ತುಂಬಾ ಬರೆದೆ, ಎಲ್ಲ ಅಳಿಸಿದೆ. ನನ್ನ ಪತ್ರಗಳನ್ನು ಮೊದಲಿನಿಂದ ಓದಿದೆ. ಮೌನಪ್ಪನ ಅಂಗಿಯ ಅಳತೆ ಕೇಳಿದ್ದೆನಲ್ಲ, ಅಲ್ಲಿಗೆ ಬಂದಾಗ ಮುಂದೆ ಓದಲಾಗಲಿಲ್ಲ.

ಒಂದು ಕೆಲಸ ಮಾಡಿದ್ದೇನೆ, ಬೈಯಬೇಡ. ನಾನು ಜರ್ಮನಿಗೆ ಹೋಗುವುದಿಲ್ಲ. ಮ್ವಾಂಜಾದಿಂದ ಮಲ್ಲೇಶ ಒಬ್ಬರೇ ಮುಂದೆ ಹೋಗುತ್ತಾರೆ, ನಾನು ಹಿಂದಕ್ಕೆ ಬರುತ್ತೇನೆ. ಆ ಟಿಕೆಟ್ ಬಿಟ್ಟದ್ದರಿಂದ ಉಳಿದ ದುಡ್ಡಿನಲ್ಲಿ ನಿನಗೆ ಹೈದರಾಬಾದಿಗೆ ಟಿಕೆಟ್ ಬರುತ್ತದೆ. ನನ್ನ ಪಕ್ಕದ ಸೀಟು. ಮಹಾನವಮಿಯ ಹೊತ್ತಿಗೆ ದೇವದುರ್ಗದಲ್ಲಿರುತ್ತೇವೆ. ಇದು ಮಲ್ಲೇಶನೇ ಹೇಳಿದ್ದು. "ಮಷೀನು ನಾ ಒಬ್ಬನ ನೋಡ್ಕೊಂಡು ಬರ್ತೀನಿ, ಜರ್ಮನಿ ಎಲ್ಲೂ ಓಡಿ ಹೋಗಂಗಿಲ್ಲ. ನೀ ಮುಂದ ನೋಡಿದ್ರಾತು. ಮೊದಲ ಅಕ್ಕಾರನ್ನ ಕರಕೊಂಡು ಬಾ."

ಲತೀಫಾ ಆಪಾ ಒಂದು ಸೀಟು ಹಿಡಿದಿಟ್ಟಿದ್ದಾರೆ. ಒಂದು ಕಡೆಯದು. ಅದು ದುಬಾರಿ ಎಂದು ಗೊಣಗಿದರು. ಪರವಾಗಿಲ್ಲ ಎಂದೆ. ನಿನ್ನ ಪಾಸ್‌ಪೋರ್ಟ್ ಫೋಟೋ ಕಳಿಸು. ಎಲ್ಲ ಬಿಟ್ಟು ಬಾ ಅಕ್ಕಾ, ಇನ್ನು ಅಲ್ಲೇನಿದೆ?

ಅನು


ಮ್ವಾಂಜಾ
ಸೆಪ್ಟೆಂಬರ್ 16, 2025

ಪ್ರೀತಿಯ ಅನು,

ಪಾಸ್‌ಪೋರ್ಟ್ ಫೋಟೋ ಕಳಿಸಿದ್ದೇನೆ. ಬರುತ್ತೇನೆ.

ಆದರೆ ಒಂದು ಕಡೆಯ ಟಿಕೆಟ್ ಬೇಡ. ಹೋಗಿ ಬರುವುದನ್ನೇ ತೆಗೆಸು. ಅದೇ ಅಗ್ಗ ಎಂದು ಮೊದಲ ಪತ್ರದಲ್ಲಿ ನೀನೇ ಬರೆದಿದ್ದೆ. ದೀಪಾವಳಿ ಆದ ಮೇಲಿನ ಯಾವುದಾದರೂ ದಿನ ಹಾಕಿಸು, ಅಮಾವಾಸ್ಯೆ ಇದ್ದರೂ ನಡೆಯುತ್ತದೆ.

ಇಲ್ಲೇನಿದೆ ಎಂದು ಕೇಳಿದೆಯಲ್ಲ, ಒಂದು ಒಲೆ ಇದೆ. ನಾನು ಬರುವವರೆಗೆ ನೀಮಾ ನೋಡಿಕೊಳ್ಳುತ್ತಾಳೆ. 'ನೀನು ತಿರುಗಿ ಬರುತ್ತೀಯಾ' ಎಂದು ಅವಳು ಎರಡು ಸಲ ಕೇಳಿದಳು. ಟಿಕೆಟ್ ಬಂದ ಮೇಲೆ ಅವಳಿಗೆ ಅದನ್ನು ತೋರಿಸಬೇಕು.

ಅವ್ವನಿಗೆ ನಾನೇ ಹೇಳುತ್ತೇನೆ. ಅವಳ ಮೊಣಕಾಲಿಗೆ ಎಣ್ಣೆ ಹಚ್ಚುತ್ತಾ ಹೇಳುತ್ತೇನೆ, ಆಗ ಎದ್ದು ಹೋಗಲು ಅವಳಿಗೆ ಆಗುವುದಿಲ್ಲ. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ 'ಪಂಪಾಪತಿ ಎಲ್ಲಿ' ಎಂದು ಕೇಳಿದರೆ ಜಾಂಬಿಯಾದಲ್ಲಿ ಎನ್ನುತ್ತೇನೆ. ಅದು ಸುಳ್ಳಲ್ಲ. ಮುಂದೆ ಕೇಳಿದರೆ ಮುಂದಿನದನ್ನೂ ಹೇಳುತ್ತೇನೆ. ಮೊದಲು ರಾಯಚೂರಿನಲ್ಲಿ ಇಳಿದು ನಿಮ್ಮ ಅತ್ತೆಯವರನ್ನು ನೋಡಬೇಕು.

ನೀನು ಜರ್ಮನಿ ಬಿಟ್ಟದ್ದಕ್ಕೆ ಎದುರಿಗೆ ಸಿಕ್ಕಾಗ ಬೈಯುತ್ತೇನೆ, ತಯಾರಾಗಿರು.

ಅಲ್ಲಿಂದ ಅಕ್ಕಿ ಹೊತ್ತು ತರಬೇಡ, ಸುಮ್ಮನೆ ಭಾರ. ಆ ಜಾಗದಲ್ಲಿ ಗುರೆಳ್ಳು ಚಟ್ನಿ ತುಂಬು, ಅದನ್ನು ತಿನ್ನುತ್ತಿದ್ದವಳು ನಾನೇ. ಅಕ್ಕಿ ಇಲ್ಲಿದೆ, ಕೊಬ್ಬರಿಯೂ ಸಿಗುತ್ತದೆ. ನಿನ್ನೆ ಸಂತೆಯಲ್ಲಿ ನೋಡಿಕೊಂಡು ಬಂದೆ. ಬರುವಾಗ ಆ ಜೀನ್ಸ್ ಪ್ಯಾಂಟನ್ನೇ ಹಾಕಿಕೋ, ಬೇಡ ಎನ್ನುವುದಿಲ್ಲ. ಚೀಲದಲ್ಲಿ ಮಾತ್ರ ಒಂದು ಸೀರೆ ಇಟ್ಟುಕೊಂಡು ಬಾ. ನಾನು ಉಡಿ ತುಂಬುವಾಗ ಹಿಡಿಯಲು ನಿನಗೆ ಸೆರಗು ಬೇಕಲ್ಲ.

ನಿನ್ನ,
ವಿಜಯಕ್ಕ